ಗ್ರಾಹಕರ ದೂರು, ಸೋಷಿಯಲ್ ಮೀಡಿಯಾ, ಆನ್‌ಲೈನ್ ಗುಂಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬ ಗ್ರಾಹಕ ಹಾಕಿದ ಪೋಸ್ಟ್‌ನಿಂದ ದೊಡ್ಡ ಕಂಪನಿಗೆ ನಿಜವಾಗಿ ಏನಾದರೂ ಆಗುತ್ತಾ?

ಆಗುತ್ತದೆ. ಎಲ್ಲ ಸಲವೂ ಅಲ್ಲ, ಆದರೆ ಆಗಿರುವ ಉದಾಹರಣೆಗಳು ಗಟ್ಟಿಯಾಗಿವೆ. 2008ರಲ್ಲಿ ಕೆನಡಾದ ಸಂಗೀತಗಾರ ಡೇವ್ ಕ್ಯಾರೊಲ್ ಯುನೈಟೆಡ್ ಏರ್‌ಲೈನ್ಸ್ ವಿಮಾನದಲ್ಲಿ ಹೊರಟಿದ್ದರು. ಶಿಕಾಗೋದಲ್ಲಿ ಸಾಮಾನು ಸಾಗಿಸುವವರು ಗಿಟಾರ್‌ಗಳನ್ನು ಎತ್ತಿ ಎಸೆಯುತ್ತಿದ್ದುದನ್ನು ಪ್ರಯಾಣಿಕರು ಕಿಟಕಿಯಿಂದ ನೋಡಿದರು. ಕ್ಯಾರೊಲ್ ಅವರ ಗಿಟಾರ್ ಮುರಿದಿತ್ತು. ಸುಮಾರು ಒಂಬತ್ತು ತಿಂಗಳು ಅವರು ಕಂಪನಿಯ ಒಬ್ಬರಿಂದ ಇನ್ನೊಬ್ಬರಿಗೆ ಅಲೆದರು. 24 ಗಂಟೆಯೊಳಗೆ ದೂರು ಕೊಡಲಿಲ್ಲ ಅಂತ ಪರಿಹಾರ ನಿರಾಕರಿಸಲಾಯಿತು. 2009ರ ಜುಲೈನಲ್ಲಿ ಅವರು ಈ ಕಥೆಯನ್ನೇ ಹಾಡು ಮಾಡಿ ಯೂಟ್ಯೂಬ್‌ಗೆ ಹಾಕಿದರು. ಲಕ್ಷಾಂತರ ಜನ ನೋಡಿದರು. ಅದುವರೆಗೆ ಆಗೋದಿಲ್ಲ ಎನ್ನುತ್ತಿದ್ದ ಕಂಪನಿ ತಾನೇ ಫೋನ್ ಮಾಡಿತು. ಆ ವಿಡಿಯೋವನ್ನು ನೌಕರರ ತರಬೇತಿಗೆ ಬಳಸುವುದಾಗಿಯೂ ಹೇಳಿತು.

ಎಲ್ಲರೂ ಇಲ್ಲಿ ಹಾಡನ್ನು ನೆನಪಿಟ್ಟುಕೊಳ್ಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದಕ್ಕಿಂತ ಮುಂಚಿನ ಒಂಬತ್ತು ತಿಂಗಳು. ಅವರು ಸರಿಯಾದ ದಾರಿಯಲ್ಲೇ ಹೋಗಿದ್ದರು. ಯಾರ ಹತ್ತಿರ ಮಾತಾಡಿದರು, ಏನು ಉತ್ತರ ಬಂತು ಅನ್ನುವುದೆಲ್ಲ ಅವರ ಹತ್ತಿರ ಇತ್ತು. ಹಾಗಾಗಿ ಕಥೆ ಹೊರಗೆ ಬಂದಾಗ ಅದನ್ನು ಅಲ್ಲಗಳೆಯಲು ಕಂಪನಿಗೆ ಜಾಗವೇ ಇರಲಿಲ್ಲ.

ಇದೆಲ್ಲ ಸೋಷಿಯಲ್ ಮೀಡಿಯಾ ಬಂದ ಮೇಲೆ ಶುರುವಾದದ್ದಾ?

ಅಲ್ಲ. ಗ್ರಾಹಕರು ಒಟ್ಟಾಗುವುದು ಹಳೆಯ ಸಂಗತಿ. ಅಮೆರಿಕದಲ್ಲಿ ಕನ್ಸ್ಯೂಮರ್ಸ್ ಯೂನಿಯನ್ ಹುಟ್ಟಿದ್ದು 1936ರಲ್ಲಿ. ವಸ್ತುಗಳನ್ನು ತಾವೇ ಪರೀಕ್ಷಿಸಿ ಫಲಿತಾಂಶ ಪ್ರಕಟಿಸುವ ಪದ್ಧತಿಯನ್ನು ಅವರು ಬೆಳೆಸಿದರು. 1962ರ ಮಾರ್ಚ್ 15ರಂದು ಅಧ್ಯಕ್ಷ ಕೆನಡಿ ಅಮೆರಿಕದ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಗ್ರಾಹಕರ ನಾಲ್ಕು ಹಕ್ಕುಗಳನ್ನು ಹೇಳಿದರು: ಸುರಕ್ಷತೆ, ಮಾಹಿತಿ, ಆಯ್ಕೆ, ಮತ್ತು ತಮ್ಮ ಮಾತನ್ನು ಕೇಳಿಸಿಕೊಳ್ಳುವ ಹಕ್ಕು. ಆ ದಿನವನ್ನೇ 1983ರಿಂದ ವಿಶ್ವ ಗ್ರಾಹಕರ ಹಕ್ಕುಗಳ ದಿನವಾಗಿ ಆಚರಿಸುತ್ತಾರೆ. ವಿಶ್ವಸಂಸ್ಥೆಯ ಗ್ರಾಹಕ ರಕ್ಷಣೆಯ ಮಾರ್ಗಸೂಚಿ 1985ರಲ್ಲಿ ಬಂತು. 2015ರಲ್ಲಿ ಅದನ್ನು ಪರಿಷ್ಕರಿಸಿದಾಗ ಆನ್‌ಲೈನ್ ವ್ಯಾಪಾರಕ್ಕೂ ಅದರಲ್ಲಿ ಜಾಗ ಸಿಕ್ಕಿತು.

ಇಂಟರ್ನೆಟ್‌ನಲ್ಲಿ ನಡೆದ ಒಂದು ದೊಡ್ಡ ಪ್ರಕರಣವೂ ಫೇಸ್‌ಬುಕ್ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲಿನದು. 1994ರಲ್ಲಿ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವರಿಗೆ ಇಂಟೆಲ್‌ನ ಪೆಂಟಿಯಂ ಕಂಪ್ಯೂಟರ್ ಚಿಪ್ ಕೆಲವು ಭಾಗಾಕಾರಗಳಲ್ಲಿ ತಪ್ಪು ಉತ್ತರ ಕೊಡುವುದು ಕಂಡಿತು. ಮೊದಲು ಕಂಪನಿಗೆ ತಿಳಿಸಿದರು. ಸಮಾಧಾನದ ಉತ್ತರ ಬಾರದಿದ್ದಾಗ ಪರಿಚಿತರಿಗೆ ಇಮೇಲ್ ಬರೆದು, ನೀವೂ ನಿಮ್ಮ ಯಂತ್ರದಲ್ಲಿ ಪರೀಕ್ಷಿಸಿ ನೋಡಿ ಅಂದರು. ಆ ಪತ್ರ ಆಗಿನ ಆನ್‌ಲೈನ್ ಚರ್ಚಾ ಗುಂಪುಗಳಿಗೆ ಹರಡಿತು. ಸಾಮಾನ್ಯ ಬಳಕೆದಾರನಿಗೆ ಈ ತಪ್ಪು 27,000 ವರ್ಷಕ್ಕೆ ಒಂದು ಸಲ ಎದುರಾಗಬಹುದು ಅಂತ ಇಂಟೆಲ್ ಹೇಳಿತು. ಬೇರೆ ಚಿಪ್ ಬೇಕಾದರೆ ಅದರ ಅಗತ್ಯವನ್ನು ಗ್ರಾಹಕರೇ ತೋರಿಸಿಕೊಡಬೇಕು ಎಂದಿತು. ಜನ ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಕಂಪನಿ, ಕೇಳಿದವರಿಗೆಲ್ಲ ಚಿಪ್ ಬದಲಿಸಿ ಕೊಡುವುದಾಗಿ ಘೋಷಿಸಿತು. ಅದಕ್ಕಾಗಿ 475 ಮಿಲಿಯನ್ ಡಾಲರ್ ತೆಗೆದಿಡಬೇಕಾಯಿತು.

ಆ ಇಮೇಲ್‌ನಲ್ಲಿ ಬೈಗುಳ ಇರಲಿಲ್ಲ. ಯಾರು ಬೇಕಾದರೂ ತಮ್ಮ ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಲೆಕ್ಕ ಇತ್ತು.

ಮೊದಲು ಕಂಪನಿಗೆ ದೂರು ಕೊಡಬೇಕಾ? ನೇರವಾಗಿ ಪೋಸ್ಟ್ ಹಾಕಿದರೆ ಆಗಲ್ವಾ?

ಮೊದಲು ಕಂಪನಿಗೇ ದೂರು ಕೊಡಿ. ಇದು ಶಿಷ್ಟಾಚಾರಕ್ಕಾಗಿ ಹೇಳುವ ಮಾತಲ್ಲ. ನೀವು ಪೋಸ್ಟ್ ಹಾಕಿದ ಕೂಡಲೇ ಬರುವ ಮೊದಲ ಪ್ರಶ್ನೆ, "ನಮಗೆ ದೂರು ಕೊಟ್ಟಿದ್ದೀರಾ? ದೂರಿನ ಸಂಖ್ಯೆ ಏನು?" ಅಂತ. ಸಂಖ್ಯೆ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮುಂದೆ ಗ್ರಾಹಕರ ನ್ಯಾಯಾಲಯಕ್ಕೋ ನಿಯಂತ್ರಕ ಸಂಸ್ಥೆಗೋ ಹೋಗಬೇಕಾದರೂ, ಕಂಪನಿಗೆ ಅವಕಾಶ ಕೊಟ್ಟಿದ್ದಿರಿ ಅನ್ನುವುದು ಹೆಚ್ಚಿನ ಕಡೆ ಮುಖ್ಯವಾಗುತ್ತದೆ.

ಒಂದು ವಿನಾಯಿತಿ ಇದೆ. ಜೀವಕ್ಕೆ ಅಪಾಯ ಇರುವ ವಿಷಯವಾದರೆ ಕಾಯಬೇಡಿ. ಬ್ಯಾಟರಿ ಹೊತ್ತಿಕೊಂಡಿತು, ಔಷಧಿಯಲ್ಲಿ ಏನೋ ಬೆರೆತಿದೆ, ಮಗುವಿನ ಆಟಿಕೆ ಮುರಿದು ಚೂಪಾದ ತುಂಡು ಬಂತು ಅನ್ನುವಂಥವು. ಇಂಥದ್ದನ್ನು ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಗೂ ಕಂಪನಿಗೂ ಅದೇ ದಿನ ತಿಳಿಸಿ. ಫೋಟೋ ಸಮೇತ ಸಾರ್ವಜನಿಕವಾಗಿಯೂ ಹೇಳಿ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನ್‌ಗಳು ಸುಟ್ಟಾಗ ಬಳಕೆದಾರರು ಹಾಕಿದ ಫೋಟೋಗಳು ಬೇಗ ಹರಡಿದವು. ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ ಫೋನ್‌ಗಳನ್ನು ವಾಪಸ್ ಕರೆಸಲಾಯಿತು. ಅಕ್ಟೋಬರ್‌ನಲ್ಲಿ ಆ ಮಾದರಿಯ ತಯಾರಿಕೆಯೇ ನಿಂತಿತು.

ಪೋಸ್ಟ್ ಹೇಗೆ ಬರೆದರೆ ಕೆಲಸ ಆಗುತ್ತದೆ?

ಓದುವವರಿಗೆ ಮೂರು ವಿಷಯ ತಕ್ಷಣ ಗೊತ್ತಾಗಬೇಕು: ಏನಾಯಿತು, ಇದುವರೆಗೆ ಏನು ಮಾಡಿದಿರಿ, ಈಗ ನಿಮಗೆ ಏನು ಬೇಕು. ಮೂರನೆಯದನ್ನು ಬಹಳ ಜನ ಬರೆಯುವುದೇ ಇಲ್ಲ. ಉದ್ದಕ್ಕೆ ನೋವು ತೋಡಿಕೊಂಡು, ಕೊನೆಗೆ "ಇದೇನಾ ನಿಮ್ಮ ಸೇವೆ?" ಅಂತ ನಿಲ್ಲಿಸುತ್ತಾರೆ. ಅದಕ್ಕೆ ಕಂಪನಿಯಿಂದ ಬರುವ ಉತ್ತರ ಕ್ಷಮೆ ಮಾತ್ರ.

ಹೀಗೆ ಬರೆದು ನೋಡಿ:

"ಮಾರ್ಚ್ 3ರಂದು ನಿಮ್ಮಲ್ಲಿ ತೆಗೆದುಕೊಂಡ ವಾಷಿಂಗ್ ಮಷಿನ್ ಮೊದಲ ದಿನದಿಂದಲೇ ನೀರು ಸೋರುತ್ತಿದೆ. ಮಾರ್ಚ್ 5 ಮತ್ತು 12ರಂದು ದೂರು ಕೊಟ್ಟಿದ್ದೇನೆ. ಎರಡು ಸಲವೂ ಮೆಕ್ಯಾನಿಕ್ ಬರಲಿಲ್ಲ, ಆದರೆ ದೂರು 'ಬಗೆಹರಿದಿದೆ' ಅಂತ ಮೆಸೇಜ್ ಬಂದಿದೆ. ವಾರಂಟಿ ಪ್ರಕಾರ ಮಷಿನ್ ಬದಲಿಸಿ ಕೊಡಿ, ಇಲ್ಲವೇ ಪೂರ್ತಿ ಹಣ ವಾಪಸ್ ಕೊಡಿ. ಮಾರ್ಚ್ 25ರೊಳಗೆ ಉತ್ತರ ಬೇಕು."

ಇದರಲ್ಲಿ ಸಿಟ್ಟಿನ ಪದ ಒಂದೂ ಇಲ್ಲ. ಆದರೂ ಓದಿದವರಿಗೆ ಸಿಟ್ಟು ಬರುತ್ತದೆ ಅಲ್ವಾ? ಅದಕ್ಕೆ ಕಾರಣ, ಬಾರದ ಮೆಕ್ಯಾನಿಕ್ ಬಗ್ಗೆ 'ಬಗೆಹರಿದಿದೆ' ಅಂತ ಬಂದ ಮೆಸೇಜ್. ಇಂಥ ಒಂದು ವಿವರ ಹತ್ತು ಹ್ಯಾಶ್‌ಟ್ಯಾಗ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ. "ಕಳ್ಳರು", "ಮೋಸಗಾರರು" ಅನ್ನುವ ಪದಗಳನ್ನು ಬಿಡಿ. ಮೋಸ ಅಂದರೆ ಬೇಕೆಂದೇ ಮಾಡಿದ್ದು ಅಂತ ಆಗುತ್ತದೆ, ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ನಿಮ್ಮ ಫೋನ್ ನಂಬರ್, ವಿಳಾಸ, ಆರ್ಡರ್ ನಂಬರ್, ಕಾರ್ಡ್ ವಿವರಗಳನ್ನು ಸಾರ್ವಜನಿಕವಾಗಿ ಹಾಕಬೇಡಿ. ಬಿಲ್ಲಿನ ಫೋಟೋ ಹಾಕುವ ಮುಂಚೆ ಇವುಗಳ ಮೇಲೆ ಗಟ್ಟಿಯಾದ ಬಣ್ಣದ ಪಟ್ಟಿ ಎಳೆಯಿರಿ. ಮಸುಕು ಮಾಡಿದ ಅಂಕಿಗಳನ್ನು ಕೆಲವೊಮ್ಮೆ ಮತ್ತೆ ಓದಿಬಿಡಬಹುದು.

ಯಾವ್ಯಾವ ಪುರಾವೆ ಇಟ್ಟುಕೊಳ್ಳಬೇಕು?

ಬಿಲ್, ವಾರಂಟಿ ಕಾರ್ಡ್, ಹಣ ಕಟ್ಟಿದ ದಾಖಲೆ ಇವು ಎಲ್ಲರಿಗೂ ಗೊತ್ತು. ಜನ ಮರೆಯುವುದು ಜಾಹೀರಾತನ್ನು. ಕೊಳ್ಳುವಾಗ ಆ ಪುಟದಲ್ಲಿ ಏನು ಬರೆದಿತ್ತು ಅನ್ನುವುದರ ಸ್ಕ್ರೀನ್‌ಶಾಟ್ ಆಗಲೇ ತೆಗೆದಿಡಿ. ಆಮೇಲೆ ಆ ಪುಟ ಬದಲಾಗಿರುತ್ತದೆ. ಪುಟವನ್ನು ವೆಬ್ ಪುಟಗಳ ಪ್ರತಿ ಇಟ್ಟುಕೊಳ್ಳುವ ತಾಣವಾದ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಿಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ ದಿನಾಂಕ ಹಾಕುವುದು ನೀವಲ್ಲ, ಮೂರನೆಯವರು.

ಚಾಟ್‌ನಲ್ಲಿ ಮಾತಾಡಿದರೆ ವಿಂಡೋ ಮುಚ್ಚುವ ಮುಂಚೆ ಪೂರ್ತಿ ಉಳಿಸಿಕೊಳ್ಳಿ. ಫೋನಿನಲ್ಲಿ ಮಾತಾಡಿದರೆ, ಮುಗಿದ ತಕ್ಷಣ "ಈಗ ತಾನೇ ನೀವು ಹೀಗೆ ಹೇಳಿದಿರಿ, ತಪ್ಪಿದ್ದರೆ ತಿಳಿಸಿ" ಅಂತ ಒಂದು ಇಮೇಲ್ ಕಳಿಸಿ. ಬಾಯಿಮಾತು ಹೀಗೆ ಲಿಖಿತವಾಗುತ್ತದೆ. ಕರೆ ರೆಕಾರ್ಡ್ ಮಾಡುವ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇದೆ, ಹಾಗಾಗಿ ನಾನು ಇಮೇಲ್ ದಾರಿಯನ್ನೇ ಹೇಳುತ್ತೇನೆ.

ಪೋಸ್ಟ್ ಹಾಕಿದ ಕೆಲವೇ ನಿಮಿಷಕ್ಕೆ "ಕಸ್ಟಮರ್ ಕೇರ್"ನಿಂದ ಮೆಸೇಜ್ ಬಂತು. ನಂಬಬಹುದಾ?

ಅಷ್ಟು ಬೇಗ ಬಂತು ಅಂದರೆ ಮೊದಲು ಅನುಮಾನ ಪಡಿ. ಕಂಪನಿಗಳ ಹೆಸರಿರುವ ದೂರಿನ ಪೋಸ್ಟ್‌ಗಳನ್ನು ವಂಚಕರು ಹುಡುಕುತ್ತಲೇ ಇರುತ್ತಾರೆ. ಕಂಪನಿಯ ಲೋಗೋ, ಹತ್ತಿರ ಹತ್ತಿರ ಅದೇ ಹೆಸರು, ತುಂಬಾ ವಿನಯದ ಮಾತು. ಆಮೇಲೆ ಒಂದು ಲಿಂಕ್, ಒಂದು ಫಾರ್ಮ್, ಅಥವಾ "ರೀಫಂಡ್ ಕಳಿಸಲು ಈ ಆ್ಯಪ್ ಹಾಕಿಕೊಳ್ಳಿ" ಅನ್ನುವ ಸಲಹೆ. ಆ ಆ್ಯಪ್ ನಿಮ್ಮ ಫೋನಿನ ಪರದೆಯನ್ನು ಅವರಿಗೆ ತೋರಿಸುವಂಥದ್ದಾಗಿರುತ್ತದೆ. ಬ್ಯಾಂಕ್ ಮತ್ತು ವಿಮಾನ ಕಂಪನಿಗಳ ಗ್ರಾಹಕರು ಇದಕ್ಕೆ ಜಾಸ್ತಿ ಸಿಕ್ಕಿಬೀಳುತ್ತಾರೆ, ಏಕೆಂದರೆ ಅವರು ಆಗಲೇ ಗಾಬರಿಯಲ್ಲಿರುತ್ತಾರೆ.

ಖಾತೆ ಯಾವಾಗ ಶುರುವಾಯಿತು, ಎಷ್ಟು ಹಳೆಯ ಪೋಸ್ಟ್‌ಗಳಿವೆ ನೋಡಿ. ನೀಲಿ ಟಿಕ್ ಒಂದನ್ನೇ ನಂಬಬೇಡಿ. ಟ್ವಿಟರ್ 2022ರ ನವೆಂಬರ್‌ನಲ್ಲಿ ಹಣ ಕೊಟ್ಟವರಿಗೆ ಟಿಕ್ ಕೊಡಲು ಶುರು ಮಾಡಿದ ಕೂಡಲೇ ದೊಡ್ಡ ಕಂಪನಿಗಳ ಹೆಸರಿನಲ್ಲಿ ನಕಲಿ ಖಾತೆಗಳು ಟಿಕ್ ಸಮೇತ ಎದ್ದವು. ಭದ್ರವಾದ ದಾರಿ ಅಂದರೆ, ಕಂಪನಿಯ ವೆಬ್‌ಸೈಟನ್ನು ನೀವೇ ತೆರೆದು ಅಲ್ಲಿಂದ ಅವರ ಖಾತೆಗೆ ಹೋಗುವುದು. ಒಟಿಪಿ, ಪಿನ್, ಪಾಸ್‌ವರ್ಡ್ ಕೇಳಿದವರು ಯಾರೇ ಆಗಿರಲಿ, ಮಾತು ಅಲ್ಲಿಗೆ ನಿಲ್ಲಿಸಿ.

"ಕಳೆದುಕೊಂಡ ಹಣ ವಾಪಸ್ ತರಿಸಿಕೊಡುತ್ತೇವೆ, ಸ್ವಲ್ಪ ಮುಂಗಡ ಕೊಡಿ" ಅನ್ನುವವರೂ ಇದೇ ಗುಂಪಿನವರು. ಒಮ್ಮೆ ಮೋಸಹೋದವರನ್ನು ಎರಡನೇ ಸಲ ಸುಲಿಯುವುದು ಅವರ ಕೆಲಸ. ದೂರುಗಳ ಗುಂಪುಗಳಲ್ಲಿ ಇವರ ಕಾಟ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನನಗೆ ಫಾಲೋವರ್ಸ್ ಇಲ್ಲ. ಬರೆದು ಏನು ಪ್ರಯೋಜನ?

ದೊಡ್ಡ ಕಂಪನಿಗಳು ತಮ್ಮ ಹೆಸರು ಬಂದಲ್ಲೆಲ್ಲ ಗಮನಿಸುವ ಸಾಫ್ಟ್‌ವೇರ್ ಇಟ್ಟಿರುತ್ತವೆ. ಹಾಗಾಗಿ ಫಾಲೋವರ್ಸ್ ಇಲ್ಲದಿದ್ದರೂ ನಿಮ್ಮ ಪೋಸ್ಟ್ ಅವರ ಕಣ್ಣಿಗೆ ಬೀಳಬಹುದು. ಅದಕ್ಕಿಂತ ಮುಖ್ಯವಾದದ್ದು, ಅದೇ ತೊಂದರೆ ಇರುವ ಇನ್ನೊಬ್ಬರು ನಾಳೆ ಹುಡುಕಿದಾಗ ನಿಮ್ಮ ಮಾತು ಅವರಿಗೆ ಸಿಗುತ್ತದೆ. ಮಾದರಿಯ ಹೆಸರು ಮತ್ತು ತೊಂದರೆಯನ್ನು ಸರಿಯಾಗಿ ಬರೆದಿದ್ದರೆ ಮಾತ್ರ.

ಗ್ರಾಹಕರ ಗುಂಪು ಸೇರಿದರೆ ಏನು ಲಾಭ?

ನಿಮ್ಮ ತೊಂದರೆ ನಿಮ್ಮೊಬ್ಬರದಾ, ಎಲ್ಲರದಾ ಅಂತ ಗೊತ್ತಾಗುತ್ತದೆ. ಕಂಪನಿಗಳ ದೊಡ್ಡ ಬಲ ಇರುವುದೇ ಇಲ್ಲಿ: ಪ್ರತಿಯೊಬ್ಬರಿಗೂ "ಬೇರೆ ಯಾರಿಗೂ ಹೀಗೆ ಆಗಿಲ್ಲ" ಅನ್ನಬಹುದು. ಅದು ಸುಳ್ಳು ಅಂತ ತೋರಿಸಲು ಒಬ್ಬರಿಂದ ಆಗುವುದಿಲ್ಲ.

2017ರ ಡಿಸೆಂಬರ್‌ನಲ್ಲಿ ರೆಡಿಟ್ ಅನ್ನುವ ಚರ್ಚಾ ತಾಣದಲ್ಲಿ ಒಬ್ಬ ಬಳಕೆದಾರ, ತನ್ನ ಹಳೆಯ ಐಫೋನ್‌ಗೆ ಹೊಸ ಬ್ಯಾಟರಿ ಹಾಕಿದ ಮೇಲೆ ಅದು ಮತ್ತೆ ವೇಗವಾಯಿತು ಅಂತ ವೇಗ ಅಳೆಯುವ ಪರೀಕ್ಷೆಯ ಅಂಕಗಳ ಸಮೇತ ಬರೆದ. ಉಳಿದವರೂ ತಮ್ಮ ಫೋನ್‌ಗಳ ಅಂಕ ಹಾಕಿದರು. ಆ ಪರೀಕ್ಷೆಯ ಸಾಫ್ಟ್‌ವೇರ್ ಗೀಕ್‌ಬೆಂಚ್ ಮಾಡಿದ ಕಂಪನಿಯ ಜಾನ್ ಪೂಲ್ ತಮ್ಮಲ್ಲಿದ್ದ ಫಲಿತಾಂಶಗಳನ್ನೆಲ್ಲ ಜೋಡಿಸಿ ನೋಡಿದರು. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಫೋನ್‌ಗಳು ನಿಧಾನವಾದದ್ದು ಗ್ರಾಫ್‌ನಲ್ಲಿ ಎದ್ದು ಕಂಡಿತು. ಕೆಲವೇ ದಿನಗಳಲ್ಲಿ ಆಪಲ್ ಒಪ್ಪಿಕೊಂಡಿತು: ಹಳೆಯ ಬ್ಯಾಟರಿ ಇದ್ದಾಗ ಫೋನ್ ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಅಂತ ವೇಗ ಕಡಿಮೆ ಮಾಡುತ್ತಿದ್ದೇವೆ ಎಂದಿತು. ಕಾರಣದಲ್ಲಿ ತಕ್ಕಮಟ್ಟಿನ ನ್ಯಾಯ ಇತ್ತು. ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಿರಲಿಲ್ಲ ಅನ್ನುವುದೇ ತಪ್ಪು. ಬ್ಯಾಟರಿ ಬದಲಿಸಿದರೆ ಸಾಕಾಗಿದ್ದ ಎಷ್ಟೋ ಜನ ಹೊಸ ಫೋನ್ ಕೊಂಡಿರಬಹುದು. ಕಂಪನಿ ಕ್ಷಮೆ ಕೇಳಿತು, ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. 2020ರಲ್ಲಿ ಅಮೆರಿಕದಲ್ಲಿ 500 ಮಿಲಿಯನ್ ಡಾಲರ್‌ವರೆಗಿನ ರಾಜಿಗೆ ಒಪ್ಪಿತು.

ಒಬ್ಬರು "ನನ್ನ ಫೋನ್ ಯಾಕೋ ನಿಧಾನ" ಅಂದರೆ ಅದು ಗೊಣಗಾಟ. ನೂರಾರು ಜನ ಒಂದೇ ರೀತಿ ಅಳೆದು ತೋರಿಸಿದರೆ ಅದು ಸಾಕ್ಷಿ.

ಆನ್‌ಲೈನ್ ಸಹಿ ಸಂಗ್ರಹ ಕೆಲಸಕ್ಕೆ ಬರುತ್ತಾ?

ಬೇಡಿಕೆ ಸಣ್ಣದಾಗಿ, ಸ್ಪಷ್ಟವಾಗಿ ಇದ್ದರೆ ಬರುತ್ತದೆ. 2011ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಡೆಬಿಟ್ ಕಾರ್ಡಿಗೆ ತಿಂಗಳಿಗೆ 5 ಡಾಲರ್ ಶುಲ್ಕ ಹಾಕಲು ಹೊರಟಿತು. 22 ವರ್ಷದ ಯುವತಿಯೊಬ್ಬಳು ಚೇಂಜ್ ಡಾಟ್ ಆರ್ಗ್‌ನಲ್ಲಿ ಮನವಿ ಶುರು ಮಾಡಿದಳು. 3 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ಎಷ್ಟೋ ಜನ ಖಾತೆ ಮುಚ್ಚಲು ಮುಂದಾದರು. ನವೆಂಬರ್ 1ರಂದು ಬ್ಯಾಂಕ್ ಆ ಯೋಚನೆ ಕೈಬಿಟ್ಟಿತು. ಬೇಡಿಕೆ ಒಂದೇ ಇತ್ತು: ಶುಲ್ಕ ಬೇಡ. ಖಾತೆ ಬದಲಿಸುವ ದಾರಿಯೂ ಜನರಿಗೆ ಇತ್ತು. ಬರೀ ಸಹಿ ಹಾಕಿ ಮರೆತುಬಿಡುವ ಮನವಿಗಳು ಹೆಚ್ಚಿನಂಶ ಹಾಗೇ ಬಿದ್ದಿರುತ್ತವೆ.

ತೊಂದರೆ ಕೊಡುತ್ತಿರುವುದು ಸೋಷಿಯಲ್ ಮೀಡಿಯಾ ಕಂಪನಿಯೇ ಆದರೆ?

ಅದರೊಳಗೇ ಒಟ್ಟಾದರೂ ಪರಿಣಾಮ ಆಗಬಹುದು. 2007ರ ನವೆಂಬರ್‌ನಲ್ಲಿ ಫೇಸ್‌ಬುಕ್ ಬೀಕನ್ ಅನ್ನುವ ವ್ಯವಸ್ಥೆ ತಂದಿತು. ನೀವು ಬೇರೆ ವೆಬ್‌ಸೈಟ್‌ನಲ್ಲಿ ಏನು ಕೊಂಡಿರಿ ಅನ್ನುವುದು ನಿಮ್ಮ ಗೆಳೆಯರಿಗೆ ಕಾಣುತ್ತಿತ್ತು. ವಿರೋಧಿಸಿದವರು ಫೇಸ್‌ಬುಕ್‌ನಲ್ಲೇ ಗುಂಪು ಕಟ್ಟಿದರು. ಮುಂದಿನ ತಿಂಗಳೇ ಮಾರ್ಕ್ ಝಕರ್‌ಬರ್ಗ್ ಕ್ಷಮೆ ಕೇಳಿ, ಅದನ್ನು ಪೂರ್ತಿ ಆಫ್ ಮಾಡುವ ಆಯ್ಕೆ ಕೊಟ್ಟರು. 2009ರಲ್ಲಿ ಬೀಕನ್ ಮುಚ್ಚಿತು. ಆದರೆ ಅಂಥ ಹೋರಾಟದ ಸದಸ್ಯರ ಪಟ್ಟಿ ಮತ್ತು ದಾಖಲೆಗಳ ಪ್ರತಿ ಬೇರೆ ಕಡೆಯೂ ಇರಲಿ.

ರಿವ್ಯೂಗಳನ್ನು ಎಷ್ಟು ನಂಬಬಹುದು?

ನಕ್ಷತ್ರಗಳ ಸರಾಸರಿಯನ್ನು ಕಡಿಮೆ, ಮೂರು ನಕ್ಷತ್ರ ಕೊಟ್ಟವರ ಬರಹವನ್ನು ಜಾಸ್ತಿ ನಂಬಿ. ಅಂಥವರು ಸಾಮಾನ್ಯವಾಗಿ ವಸ್ತುವನ್ನು ಬಳಸಿರುತ್ತಾರೆ, ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳುತ್ತಾರೆ. ಒಂದೇ ವಾರದಲ್ಲಿ ರಾಶಿ ಐದು ನಕ್ಷತ್ರ, ಒಂದೇ ಥರದ ವಾಕ್ಯಗಳು, ಬೇರೆ ಏನನ್ನೂ ಬರೆಯದ ಖಾತೆಗಳು ಕಂಡರೆ ಎಚ್ಚರ. ರಿವ್ಯೂ ಬೇರೆ ಯಾವುದೋ ವಸ್ತುವಿನ ಬಗ್ಗೆ ಇದೆಯಾ ಅಂತಲೂ ನೋಡಿ. ಹಳೆಯ ವಸ್ತುವಿನ ಪುಟಕ್ಕೆ ಹೊಸ ವಸ್ತು ಸೇರಿಸಿ, ಹಳೆಯ ಮೆಚ್ಚುಗೆಯನ್ನು ಹಾಗೇ ಉಳಿಸಿಕೊಳ್ಳುವ ಮಾರಾಟಗಾರರಿದ್ದಾರೆ.

ಕಾನೂನು ಈಗ ಬಿಗಿಯಾಗುತ್ತಿದೆ. ಯುರೋಪ್ ಒಕ್ಕೂಟದಲ್ಲಿ 2022ರ ಮೇ 28ರಿಂದ ನಕಲಿ ರಿವ್ಯೂ ಹಾಕಿಸುವುದು ನಿಷಿದ್ಧ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಬ್ರಿಟನ್‌ನಲ್ಲಿ 2025ರ ಏಪ್ರಿಲ್‌ನಿಂದ ನಿಷೇಧ ಇದೆ. ಹಣ ಪಡೆದು ಹೊಗಳುವ ಇನ್‌ಫ್ಲುಯೆನ್ಸರ್‌ಗಳು ಅದನ್ನು ಬಹಿರಂಗವಾಗಿ ಹೇಳಬೇಕು ಅನ್ನುವ ನಿಯಮವೂ ಬಹಳ ಕಡೆ ಇದೆ.

ಕೆಟ್ಟ ರಿವ್ಯೂ ಬರೆದದ್ದಕ್ಕೆ ಕೇಸ್ ಹಾಕುತ್ತೇವೆ ಅಂತ ಕಂಪನಿ ಬೆದರಿಸುತ್ತಿದೆ. ಏನು ಮಾಡಲಿ?

ಮೊದಲು ಗಾಬರಿಯಲ್ಲಿ ಅಳಿಸಬೇಡಿ, ಉತ್ತರವನ್ನೂ ಬರೆಯಬೇಡಿ. ನಿಮ್ಮ ಬರಹವನ್ನು ಮತ್ತೆ ಓದಿ. ನಡೆದ ಸಂಗತಿ ಯಾವುದು, ನಿಮ್ಮ ಅಭಿಪ್ರಾಯ ಯಾವುದು ಬೇರೆ ಮಾಡಿ. ಸಂಗತಿಗಳಿಗೆ ನಿಮ್ಮಲ್ಲಿ ದಾಖಲೆ ಇದೆಯಾ? ಇದ್ದರೆ ನಿಮ್ಮ ಸ್ಥಿತಿ ಗಟ್ಟಿ. ಯಾವುದಾದರೂ ಸಂಗತಿ ತಪ್ಪಾಗಿದ್ದರೆ ತಕ್ಷಣ ತಿದ್ದಿ, ತಿದ್ದಿದ್ದೇನೆ ಅಂತಲೂ ಬರೆಯಿರಿ. ಮಾನನಷ್ಟದ ಕಾನೂನು ಕೆಲವು ದೇಶಗಳಲ್ಲಿ ಸಿವಿಲ್ ಮಾತ್ರ, ಕೆಲವು ಕಡೆ ಕ್ರಿಮಿನಲ್ ಕೂಡ. ಹಾಗಾಗಿ ನೋಟಿಸ್ ಕೈಗೆ ಬಂದರೆ ವಕೀಲರನ್ನು ಕಾಣಲೇಬೇಕು.

ಇಂಥ ಬೆದರಿಕೆಯಿಂದಲೇ ಒಂದು ಕಾನೂನು ಹುಟ್ಟಿದೆ. ಅಮೆರಿಕದ ಯೂಟಾ ರಾಜ್ಯದ ಒಂದು ದಂಪತಿ ಆನ್‌ಲೈನ್ ಅಂಗಡಿಯೊಂದರ ಬಗ್ಗೆ ಕೆಟ್ಟ ರಿವ್ಯೂ ಬರೆದಿದ್ದರು. ನಮ್ಮ ಷರತ್ತುಗಳಲ್ಲಿ ಟೀಕಿಸಬಾರದು ಅಂತ ಇದೆ ಅಂತ ಅಂಗಡಿ 3,500 ಡಾಲರ್ ದಂಡ ಕೇಳಿತು. ಕೊಡದಿದ್ದಾಗ ಅವರ ಸಾಲದ ದಾಖಲೆಯಲ್ಲಿ ಬಾಕಿ ಅಂತ ಸೇರಿಸಲಾಯಿತು. ಅವರು ಕೋರ್ಟಿಗೆ ಹೋಗಿ ಗೆದ್ದರು. 2016ರಲ್ಲಿ ಅಮೆರಿಕ ಇಂಥ ಷರತ್ತುಗಳನ್ನೇ ಅಸಿಂಧು ಮಾಡುವ ಕಾನೂನು ತಂದಿತು.

"ಪೋಸ್ಟ್ ತೆಗೆದರೆ ರೀಫಂಡ್ ಕೊಡುತ್ತೇವೆ" ಅನ್ನುತ್ತಿದ್ದಾರೆ. ಒಪ್ಪಬಹುದಾ?

ನ್ಯಾಯವಾಗಿ ನಿಮಗೆ ಬರಬೇಕಾದ ಹಣಕ್ಕೆ ಷರತ್ತು ಹಾಕುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಹಣದ ಅಗತ್ಯ ಇರುವುದು ನಿಮಗೆ, ನಿರ್ಧಾರವೂ ನಿಮ್ಮದು. "ಹಣ ಬಂದ ಮೇಲೆ, ಸಮಸ್ಯೆ ಬಗೆಹರಿಯಿತು ಅಂತ ಪೋಸ್ಟ್‌ಗೆ ಸೇರಿಸುತ್ತೇನೆ" ಅಂತ ಹೇಳಿ ನೋಡಿ. ಎಷ್ಟೋ ಕಂಪನಿಗಳು ಇದಕ್ಕೆ ಒಪ್ಪುತ್ತವೆ.

ಕಸ್ಟಮರ್ ಕೇರ್‌ನವರ ಹೆಸರು ಹಾಕಬಹುದಾ?

ಬೇಡ. ಉತ್ತರ ಕೊಡುವ ಆ ಹುಡುಗ ಹುಡುಗಿಯರು ನಿಯಮ ಮಾಡಿದವರಲ್ಲ. ಅವರ ಹೆಸರು, ಫೋಟೋ ಹಾಕಿದರೆ ಸಾವಿರಾರು ಜನರ ಸಿಟ್ಟು ಒಬ್ಬ ಬಡಪಾಯಿಯ ಮೇಲೆ ಬೀಳುತ್ತದೆ. ದಾಖಲೆಗಾಗಿ ಹೆಸರು ನಿಮ್ಮ ಹತ್ತಿರ ಬರೆದಿಟ್ಟುಕೊಳ್ಳಿ ಸಾಕು.

ಪೋಸ್ಟ್ ವೈರಲ್ ಆಯಿತು. ಇನ್ನು ಅಧಿಕೃತ ದೂರು ಬೇಕಾ?

ಬೇಕೇ ಬೇಕು. ಪೋಸ್ಟ್‌ಗೆ ಕಾನೂನಿನ ಬಲ ಇಲ್ಲ. ಗ್ರಾಹಕರ ನ್ಯಾಯಾಲಯ, ದೂರು ವಿಚಾರಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್, ಕಾರ್ಡ್ ಹಣ ವಾಪಸ್ ಪಡೆಯುವ ಚಾರ್ಜ್‌ಬ್ಯಾಕ್ ಎಲ್ಲದಕ್ಕೂ ಕಾಲಮಿತಿ ಇದೆ. "ನೋಡ್ತಾ ಇದ್ದೇವೆ" ಅಂತ ಡಿಎಂನಲ್ಲಿ (ಖಾಸಗಿ ಮೆಸೇಜ್‌ನಲ್ಲಿ) ವಾರಗಟ್ಟಲೆ ಹೇಳಿಸಿಕೊಳ್ಳುತ್ತಾ ಕೂತರೆ ಆ ಗಡುವು ಮೀರಿಹೋಗುತ್ತದೆ. ದೂರು ಕೊಡುವ ಕೊನೆಯ ದಿನವನ್ನು ಮೊದಲೇ ತಿಳಿದುಕೊಂಡು ಗುರುತು ಹಾಕಿಕೊಳ್ಳಿ.

ನಾನೇ ಒಂದು ಗ್ರಾಹಕರ ಗುಂಪು ನಡೆಸಬೇಕು ಅಂತಿದ್ದೇನೆ. ಏನು ಗಮನಿಸಲಿ?

ಒಂದು ಗಟ್ಟಿ ನಿಯಮ ಇಡಿ: ಆರೋಪ ಮಾಡುವವರು ದಿನಾಂಕ ಮತ್ತು ಕನಿಷ್ಠ ಒಂದು ದಾಖಲೆ ಕೊಡಬೇಕು. ಶುರುವಿನಲ್ಲಿ ಜನ ಗೊಣಗುತ್ತಾರೆ. ಆದರೆ ಪತ್ರಕರ್ತರೋ ಅಧಿಕಾರಿಗಳೋ ಮುಂದೆ ನಿಮ್ಮ ಗುಂಪನ್ನು ನೋಡಿದಾಗ ನಂಬುವುದು ಇದನ್ನೇ. ದೂರುಗಳನ್ನು ಒಂದೇ ಮಾದರಿಯಲ್ಲಿ ಸ್ಪ್ರೆಡ್‌ಶೀಟ್‌ಗೆ ಹಾಕುತ್ತಾ ಬನ್ನಿ: ಮಾದರಿ, ಕೊಂಡ ದಿನ, ತೊಂದರೆ, ಕಂಪನಿಯ ಉತ್ತರ. ಇದರಲ್ಲಿ ಜನರ ಖಾಸಗಿ ವಿವರ ಬೇಡ.

ಹಣದ ವಿಷಯದಲ್ಲಿ ಬಿಚ್ಚುಮನಸ್ಸಿನಿಂದಿರಿ. ಅಡ್ಮಿನ್‌ಗಳಿಗೆ ಯಾವ ಕಂಪನಿಯ ಜೊತೆ ಸಂಬಂಧ ಇದೆ, ಕಮಿಷನ್ ಬರುವ ಲಿಂಕ್‌ಗಳು ಇವೆಯಾ ಎಲ್ಲವನ್ನೂ ಮೊದಲ ಪುಟದಲ್ಲೇ ಹೇಳಿ. ಒಂದು ಸಲ ಅನುಮಾನ ಹುಟ್ಟಿದರೆ, ಪ್ರಾಮಾಣಿಕವಾಗಿ ಮಾಡಿದ ಕೆಲಸವೂ ಹಾಲಿಗೆ ಹುಳಿ ಬಿದ್ದಂತೆ ಕೆಡುತ್ತದೆ.

ಎಲ್ಲರೂ ಮಾತಾಡುತ್ತಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಆನ್‌ಲೈನ್ ಗುಂಪುಗಳಲ್ಲಿ ಸುಮಾರು 90 ಶೇಕಡಾ ಜನ ಬರೀ ಓದುತ್ತಾರೆ, 9 ಶೇಕಡಾ ಆಗಾಗ ಬರೆಯುತ್ತಾರೆ, 1 ಶೇಕಡಾ ಜನ ಹೆಚ್ಚಿನದನ್ನೆಲ್ಲ ಬರೆಯುತ್ತಾರೆ ಅಂತ ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2006ರಲ್ಲೇ ಹೇಳಿದ್ದರು. ಸುಮ್ನೆ ಓದಿ ಹೋದವರೂ ಅದರಿಂದ ತಮ್ಮ ಹಣ ಉಳಿಸಿಕೊಂಡಿರಬಹುದು. ಆ ಒಂದು ಶೇಕಡಾ ಜನ ದಣಿಯದಂತೆ ಕೆಲಸ ಹಂಚುವುದು ಮುಖ್ಯ. ಒಬ್ಬರೇ ಅಡ್ಮಿನ್ ಇದ್ದರೆ ಅವರಿಗೆ ಸಾಕಾದ ದಿನ ಗುಂಪೂ ಮುಗಿಯುತ್ತದೆ.

ಸಮಸ್ಯೆ ಬಗೆಹರಿದ ಮೇಲೆ ಪೋಸ್ಟ್ ಅಳಿಸಬೇಕಾ?

ಅಳಿಸುವುದಕ್ಕಿಂತ ಮುಂದುವರಿಸಿ ಬರೆಯಿರಿ. ಯಾವ ದಿನ ಬಗೆಹರಿಯಿತು, ಯಾವ ವಿಭಾಗಕ್ಕೆ ಬರೆದಾಗ ಕೆಲಸ ಆಯಿತು, ಎಷ್ಟು ಹಣ ವಾಪಸ್ ಬಂತು, ಯಾವ ನಿಯಮ ತೋರಿಸಿದ್ದಕ್ಕೆ ಅವರು ಒಪ್ಪಿದರು ಅಂತ ಸೇರಿಸಿ. ಕಂಪನಿ ಚೆನ್ನಾಗಿ ನಡೆದುಕೊಂಡಿದ್ದರೆ ಅದನ್ನೂ ಹೇಳಿ, ಅದು ಅವರಿಗೆ ಸಲ್ಲಬೇಕಾದದ್ದು. ಅದೇ ತೊಂದರೆಯಲ್ಲಿರುವ ಮುಂದಿನವರಿಗೆ ನಿಮ್ಮ ದೂರಿಗಿಂತ ಈ ಕೊನೆಯ ನಾಲ್ಕು ಸಾಲು ಜಾಸ್ತಿ ಬೇಕಾಗಿರುತ್ತದೆ.